ಸುಣ್ಣ ಬಿದ್ದ ಕಣ್ಣಿಗೆ ಎಂಟು ಚೂರು

ಅಜ್ಜಿಯ ಎಲೆಅಡಿಕೆ ಸಂಚಿಗೆ ಮೊಮ್ಮಕ್ಕಳು ಕೈ ಹಾಕುವುದು ಹೊಸದಲ್ಲ. ಹೊಸದಾಗಿ ಬಂದಿರುವುದು ಸುಣ್ಣದ ಪ್ಲಾಸ್ಟಿಕ್ ಪೊಟ್ಟಣ. ಡಬ್ಬಿಯ ಸುಣ್ಣ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು, ಅಷ್ಟೇ. ಪೊಟ್ಟಣ ಹಿಸುಕಿದರೆ ಪಟ್ಟನೆ ಒಡೆದು ಮುಖಕ್ಕೇ ಚಿಮ್ಮುತ್ತದೆ. ಐದು ವರ್ಷದ ಒಬ್ಬ ಹುಡುಗನಿಗೆ ಆದದ್ದೂ ಅದೇ. ಮನೆಯವರು ಗಾಬರಿಯಲ್ಲಿ ಹರಳೆಣ್ಣೆ ಬಿಟ್ಟು, ಬಟ್ಟೆ ಕಟ್ಟಿ, ಬಸ್ಸಿಗೆ ಕಾದರು. ಅಲ್ಲಿ ಇಲ್ಲಿ ಅಲೆದು ಕಣ್ಣಿನ ಡಾಕ್ಟರಾದ ನನ್ನ ಹತ್ತಿರ ಬರುವ ಹೊತ್ತಿಗೆ ಏಳು ತಿಂಗಳಾಗಿತ್ತು.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಸುಣ್ಣ ಬಿದ್ದ ಕಣ್ಣಿಗೆ ಬೇಕಾದದ್ದು ನೀರು, ನೀರು ಮಾತ್ರ. ನಲ್ಲಿಯದೋ ಕೊಡದ್ದೋ, ಶುದ್ಧವಾಗಿದ್ದರೆ ಸಾಕು. ಮಗು ಎಷ್ಟೇ ಅತ್ತರೂ ಅರ್ಧ ಗಂಟೆ ಹುಯ್ಯುತ್ತಲೇ ಇರಬೇಕು. ಎಣ್ಣೆ, ತುಪ್ಪ, ಎದೆಹಾಲು ಯಾವುದೂ ಬೇಡ. ಸುಣ್ಣದ ಹರಳು ಮೇಲಿನ ರೆಪ್ಪೆಯ ಒಳಮಡಿಕೆಯಲ್ಲಿ ಅಂಟಿ ಕೂತು ಗಂಟೆಗಟ್ಟಲೆ ಕ್ಷಾರ ಬಿಡುತ್ತಿರುತ್ತದೆ. ಆಸ್ಪತ್ರೆಯಲ್ಲಿ ರೆಪ್ಪೆ ಮಗುಚಿ ಅದನ್ನು ಹತ್ತಿ ಕಡ್ಡಿಯಿಂದ ತೆಗೆಯಲೇಬೇಕು. ನಾನು ಮುಂದೆ ವಿವರಿಸುವ ಶಸ್ತ್ರಚಿಕಿತ್ಸೆ ಎಷ್ಟೋ ಮಕ್ಕಳಿಗೆ ಬೇಕಾಗುವುದು ಆ ಅರ್ಧ ಗಂಟೆ ತಪ್ಪಿದ್ದರಿಂದಲೇ.

"ಡಾಕ್ಟ್ರೇ, ಕಣ್ಣಿಗೆ ಹೂ ಬಿದ್ದೈತೆ. ಯಾರಾದ್ರೂ ಸತ್ತೋರ ಕಣ್ಣು ಸಿಕ್ರೆ ಹಾಕ್ಬಿಡಿ" ಎಂದರು ಅಜ್ಜ.

ಹಾಕಬಹುದು, ನಿಲ್ಲುವುದಿಲ್ಲ. ಹುಡುಗನನ್ನು ತಾಯಿಯ ತೊಡೆಯ ಮೇಲೆ ಕೂರಿಸಿ ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದಲ್ಲಿ, ನೋಡಿದಾಗ ಬಿಳಿಗುಡ್ಡೆ ಎಲ್ಲಿ ಮುಗಿಯಿತು, ಕರಿಗುಡ್ಡೆ ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ. ಕೆಂಪು ನರಗಳನ್ನು ಹೊತ್ತ ದಪ್ಪ ಪೊರೆಯೊಂದು ಪಾಪೆಯ ಮೇಲೆಲ್ಲ ಹಬ್ಬಿತ್ತು. ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪಾರದರ್ಶಕ ಭಾಗವೇ ಕಾರ್ನಿಯಾ. ಅದರ ಮೇಲ್ಚರ್ಮ ಐದಾರು ಪದರದ್ದು, ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ದಪ್ಪ. ಅದು ವಾರ ಹತ್ತು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಹೊಸ ಕೋಶಗಳನ್ನು ಕಳಿಸುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಕಪ್ಪು ಬಿಳುಪು ಸೇರುವ ಅಂಚಿನ ಉಂಗುರದಲ್ಲಿವೆ. ಅದರ ಹೆಸರು ಲಿಂಬಸ್. ಅದು ಗದ್ದೆಯ ಬದುವೂ ಹೌದು: ಬಿಳಿಗುಡ್ಡೆಯ ಪೊರೆ ಈಚೆ ದಾಟದಂತೆ ತಡೆಯುತ್ತದೆ. ಸುಣ್ಣ ಸುಟ್ಟದ್ದು ಆ ಬದುವನ್ನು. ದಾನದ ಕಾರ್ನಿಯಾವನ್ನು ನಡುವೆ ಹೊಲಿದರೂ ಅದರ ಮೇಲ್ಚರ್ಮ ಉದುರಿದ ಮೇಲೆ ಹೊಸದನ್ನು ಕಳಿಸುವವರಿಲ್ಲ. ಅದೇ ಕೆಂಪು ಪೊರೆ ಮತ್ತೆ ಹತ್ತುತ್ತದೆ.

ಪ್ರಯೋಗಾಲಯದಲ್ಲಿ ಲಿಂಬಸ್ ಕೋಶಗಳನ್ನು ಹಾಳೆಯಂತೆ ಬೆಳೆಸಿ ಕಣ್ಣಿಗೆ ಹೊದಿಸಬಹುದೆಂದು 1997ರಲ್ಲಿ ಇಟಲಿಯವರು ಇಬ್ಬರು ರೋಗಿಗಳಲ್ಲಿ ತೋರಿಸಿದರು. ದೊಡ್ಡ ಸಾಧನೆ, ಅಷ್ಟೇ ದೊಡ್ಡ ಖರ್ಚು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಆರು ರೋಗಿಗಳ ಅನುಭವ ಪ್ರಕಟಿಸಿದಾಗ ಆ ಪ್ರಯೋಗಾಲಯವನ್ನೇ ಕೈಬಿಟ್ಟಿದ್ದರು. ಕೋಶಗಳನ್ನು ಕಣ್ಣಿನ ಮೇಲೇ ಬೆಳೆಸಿದರು. ಈ ವಿಧಾನವನ್ನು ನಾವು 'ಸ್ಲೆಟ್' (ಸಿಂಪಲ್ ಲಿಂಬಲ್ ಎಪಿಥೀಲಿಯಲ್ ಟ್ರಾನ್ಸ್‌ಪ್ಲಾಂಟೇಶನ್, ಅಂದರೆ ಲಿಂಬಸ್ ಮೇಲ್ಚರ್ಮದ ಸರಳ ಕಸಿ) ಎನ್ನುತ್ತೇವೆ.

ಮಾಡುವುದು ಹೀಗೆ. ಚೆನ್ನಾಗಿರುವ ಕಣ್ಣಿನ ಲಿಂಬಸ್‌ನಿಂದ ಎರಡು ಮಿಲಿಮೀಟರ್ ಚೌಕದ ತುಣುಕು ತೆಗೆಯುತ್ತೇವೆ. ಸುಟ್ಟ ಕಣ್ಣಿನ ಕೆಂಪು ಪೊರೆಯನ್ನು ಸುಲಿದು, ಅಲ್ಲಿ ಗರ್ಭಚೀಲದ ಒಳಪೊರೆಯನ್ನು ಅಂಟಿನಿಂದ ಹಾಸುತ್ತೇವೆ. ಸಿಸೇರಿಯನ್ ಹೆರಿಗೆಯಲ್ಲಿ ಸಿಕ್ಕ ಮಾಸಿನಿಂದ ತೆಗೆದು, ಸೋಂಕಿನ ಪರೀಕ್ಷೆ ಮಾಡಿಟ್ಟ ಪೊರೆ ಅದು. ಆಮೇಲೆ ತುಣುಕನ್ನು ಎಂಟು ಹತ್ತು ಚೂರು ಮಾಡಿ, ಪಾಪೆಯ ನಡುವನ್ನು ಬಿಟ್ಟು ಸುತ್ತಲೂ ಇಟ್ಟು, ಅಂಟು ಹಾಕಿ, ಮೇಲೊಂದು ಮೆತ್ತನೆಯ ಲೆನ್ಸ್ ಮುಚ್ಚುತ್ತೇವೆ. ಅಂಗಳದಲ್ಲಿ ಗರಿಕೆ ಬೆಳೆಸುವವರು ಗೆಣ್ಣಿನ ತುಂಡುಗಳನ್ನು ದೂರ ದೂರ ಊರುತ್ತಾರಲ್ಲ, ಹಾಗೆ.

"ಇರೋ ಒಂದು ಕಣ್ಣಿಗೂ ಕತ್ತರಿ ಹಾಕ್ತೀರಾ ಸಾರ್?" ಹುಡುಗನ ತಾಯಿ ಕೇಳಿದ್ದು ಇದೊಂದೇ ಪ್ರಶ್ನೆ. ನನ್ನ ಸಮಾಲೋಚನೆಯ ಹೆಚ್ಚಿನ ಸಮಯ ಹೋಗುವುದು ಇಲ್ಲಿಯೇ, ಹೋಗಲೂಬೇಕು. ಗಡಿಯಾರದ ಮುಖವನ್ನು ನೆನೆದರೆ ನಾವು ತೆಗೆಯುವುದು ಹೆಚ್ಚೆಂದರೆ ಒಂದು ಗಂಟೆಯಷ್ಟು ಅಂಚು. ಆ ಗಾಯ ಬೇಗ ಮಾಯುತ್ತದೆ, ದೃಷ್ಟಿಯ ದಾರಿಗೆ ಅಡ್ಡ ಬರುವುದಿಲ್ಲ. ಎರಡೂ ಕಣ್ಣು ಸುಟ್ಟವರ ಕಥೆ ಬೇರೆ. ಅಂಥವರಿಗೆ ರಕ್ತಸಂಬಂಧಿಯಿಂದ ತುಣುಕು ಪಡೆದರೆ ದೇಹ ಅದನ್ನು ಒದ್ದು ಹಾಕದಂತೆ ದೀರ್ಘಕಾಲ ಮಾತ್ರೆ ನುಂಗಬೇಕಾಗುತ್ತದೆ. ಅಂದಹಾಗೆ, ಜಾಹೀರಾತುಗಳಲ್ಲಿ ಕಣ್ಣಿನ ನರಕ್ಕೆ, ಅಕ್ಷಿಪಟಕ್ಕೆ ಎಂದು ಮಾರುವ 'ಸ್ಟೆಮ್ ಸೆಲ್' ಚುಚ್ಚುಮದ್ದಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕಣ್ಣಿನ ಮೇಲ್ಮೈಯ ಕೆಲಸ ಮಾತ್ರ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಮನೆಯವರ ಮುಖ ಸಪ್ಪಗಾಗುತ್ತದೆ. ರೆಪ್ಪೆ ಊದಿರುತ್ತದೆ, ಕಣ್ಣು ಮಸುಕು, ಲೆನ್ಸಿನ ಅಡಿಯಲ್ಲಿ ಅಕ್ಕಿ ನುಚ್ಚು ಚೆಲ್ಲಿದಂತೆ ಚೂರುಗಳು. ನನಗೆ ಅದು ಒಳ್ಳೆಯ ನೋಟ. ಕೆಲವು ದಿನ ಕಳೆದ ಮೇಲೆ ಬೆಳಕನ್ನು ಓರೆಯಾಗಿ ಬಿಟ್ಟರೆ ಒಂದೊಂದು ಚೂರಿನ ಸುತ್ತಲೂ ತೆಳ್ಳನೆಯ ಬೂದು ಅಂಚು ಕಾಣುತ್ತದೆ. ಕೋಶಗಳು ಹೊರಟಿವೆ ಎಂದು ಅರ್ಥ. ಅಂಚುಗಳು ಒಂದನ್ನೊಂದು ಮುಟ್ಟಿ ಕೂಡಿಕೊಳ್ಳಲು ಸುಮಾರು ಎರಡು ವಾರ. ಲೆನ್ಸ್ ತೆಗೆದ ದಿನ ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತೇವೆ. ಚರ್ಮವಿಲ್ಲದ ಕಡೆ ಹಸಿರಾಗಿ ಹೊಳೆಯುತ್ತದೆ. ಈ ಹುಡುಗನ ಕಣ್ಣಲ್ಲಿ ಒಂದೂ ಹಸಿರು ಮಚ್ಚೆ ಇರಲಿಲ್ಲ. ಹಾಸಿದ ಪೊರೆ ಆಮೇಲೆ ಕರಗುತ್ತದೆ, ನರಗಳು ವಾರಗಳಲ್ಲಿ ಸೊರಗುತ್ತವೆ, ಚೂರುಗಳು ತಿಂಗಳುಗಳಲ್ಲಿ ಸವೆಯುತ್ತವೆ.

ಎಲ್ಲ ಕಡೆಯೂ ಹೀಗಾಗುವುದಿಲ್ಲ. 2016ರಲ್ಲಿ ಪ್ರಕಟವಾದ ಹೈದರಾಬಾದಿನ 125 ರೋಗಿಗಳ ವರದಿಯಲ್ಲಿ ಮೇಲ್ಮೈ ಗಟ್ಟಿಯಾಗಿ ನಿಂತದ್ದು 76 ಶೇಕಡಾದಲ್ಲಿ. ರೆಪ್ಪೆ ಗುಡ್ಡೆಗೆ ಅಂಟಿಕೊಂಡಿದ್ದರೆ, ಕಣ್ಣೀರು ಬತ್ತಿದ್ದರೆ ಸೋಲು ಹೆಚ್ಚು. ಉರಿಯೂತ ಆರುವ ಮೊದಲೇ ಅವಸರಪಟ್ಟರೂ ಅಷ್ಟೇ. ಅದಕ್ಕೇ ತಿಂಗಳುಗಟ್ಟಲೆ ಕಾಯಿಸುತ್ತೇವೆ. ಉರಿಯೂತ ಆರಿಸಲು ಕೊಡುವ ಸ್ಟೀರಾಯ್ಡ್ ಹನಿಯ ಕಿರಿಕಿರಿ ಬೇರೆ: ಅರ್ಧದಷ್ಟು ಮಂದಿ ಪಕ್ಕದ ಮನೆಯವರ ಮಾತು ಕೇಳಿ ಬೇಗ ನಿಲ್ಲಿಸುತ್ತಾರೆ, ಇನ್ನರ್ಧ ಮೆಡಿಕಲ್ ಶಾಪಿನಿಂದ ತಾವೇ ತಂದು ವರ್ಷವಿಡೀ ಹಾಕಿ ಕಣ್ಣಿನ ಒತ್ತಡ ಏರಿಸಿಕೊಂಡು ಬರುತ್ತಾರೆ.

ಮೇಲ್ಮೈ ವಾಸಿಯಾಯಿತು ಎಂದ ಕೂಡಲೇ ದೃಷ್ಟಿ ಬಂತು ಎಂದಲ್ಲ. ಸುಣ್ಣ ಒಳಪದರಕ್ಕೆ ಇಳಿದು ಕಲೆ ಬಿಟ್ಟಿದ್ದರೆ ಅಜ್ಜ ಕೇಳಿದ ದಾನದ ಕಾರ್ನಿಯಾ ಬೇಕಾಗುವುದು ಆಗ, ಬದು ನಿಂತ ಮೇಲೆ. ಈ ಹುಡುಗನ ಕಲೆ ತೆಳುವಾಗಿತ್ತು, ಹಾಗೇ ಬಿಟ್ಟೆವು. ಆದರೆ ಏಳು ತಿಂಗಳು ಮುಚ್ಚಿದ್ದ ಕಣ್ಣನ್ನು ಅವನ ಮೆದುಳು ಮರೆತುಬಿಟ್ಟಿತ್ತು. ಅದನ್ನು ಎಬ್ಬಿಸಲು ದಿನಕ್ಕಿಷ್ಟು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಬೇಕು.

ಆರು ತಿಂಗಳ ತಪಾಸಣೆಯಲ್ಲಿ ಚೂರುಗಳನ್ನು ಹುಡುಕಿದೆ. ಕೆಳಗಡೆ ಒಂದೇ ಒಂದು, ಬೂದು ಚುಕ್ಕೆಯಂತೆ, ಉಳಿದಿತ್ತು. ಪಾಪೆ ಕಾಣುತ್ತಿತ್ತು, ಪಟ್ಟಿ ಕಾಣುತ್ತಿರಲಿಲ್ಲ. ದಿನಾ ಶಾಲೆಯ ದಾರಿಯಲ್ಲಿ ಕಿತ್ತು ಬ್ಯಾಗಿನ ಒಳಗೆ ಅಂಟಿಸಿಕೊಳ್ಳುತ್ತಾನಂತೆ. ತಾಯಿ ಬ್ಯಾಗು ತೆರೆದು ತೋರಿಸಿದರು: ಹನ್ನೊಂದು ಪಟ್ಟಿ, ಸಾಲಾಗಿ.