ಕಿರಣಕ್ಕಿಂತ ಮೊದಲೇ ಬರಬೇಕಾದ ಗಂಧಕ

ರೇಡಿಯೇಷನ್ ತಗುಲಿದ ಮೇಲೆ ಕಷಾಯ ಕುಡಿದರೆ ಮೈ ಶುದ್ಧವಾಗುತ್ತದೆ ಅಂತ ನಂಬಿದವರು ಬಹಳ ಮಂದಿ ಇದ್ದಾರೆ. ಈ ನಂಬಿಕೆ ನನಗೆ ಆತಂಕ ತರುತ್ತದೆ. ಏಕೆಂದರೆ ಇಲ್ಲಿ ಇರುವ ಪ್ರಶ್ನೆ ಹೊತ್ತಿನದು.

ನಮ್ಮ ಜೀವಕೋಶದಲ್ಲಿ ಬಹುಪಾಲು ನೀರು. ಎಕ್ಸ್-ರೇ, ಗಾಮಾ ಕಿರಣಗಳ ಏಟು ಜಾಸ್ತಿ ಬೀಳುವುದು ಆ ನೀರಿಗೇ. ನೀರಿನ ಅಣು ಒಡೆದು ಸುಮ್ಮನಿರಲಾರದ ಒಂದು ಚೂರು, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಪಕ್ಕದಲ್ಲಿ ಯಾರಿದ್ದರೂ ಅವರ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಪಕ್ಕದಲ್ಲಿ ಡಿಎನ್‌ಎ ಇದ್ದರೆ ಅದಕ್ಕೇ ಗಾಯ. ಇದೆಲ್ಲ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಮುಗಿದಿರುತ್ತದೆ. ಆಮೇಲೆ ಔಷಧಿ ಕುಡಿಯುವುದು ಹಾಲು ಉಕ್ಕಿ ಚೆಲ್ಲಿದ ಮೇಲೆ ಉರಿ ಸಣ್ಣ ಮಾಡಿದ ಹಾಗೆ.

ಇಲ್ಲಿ ಕೆಲಸಕ್ಕೆ ಬರುವುದು ಗಂಧಕ. ಥಯೋಲ್ ಎಂಬ ಸಂಯುಕ್ತಗಳಲ್ಲಿ ಗಂಧಕದ ಜೊತೆ ಒಂದು ಹೈಡ್ರೋಜನ್ ಸಡಿಲವಾಗಿ ಅಂಟಿಕೊಂಡಿರುತ್ತದೆ. ರ‍್ಯಾಡಿಕಲ್ ಎದುರಾದರೆ ಥಯೋಲ್ ಆ ಹೈಡ್ರೋಜನ್ ಬಿಟ್ಟುಕೊಡುತ್ತದೆ. ಗಾಯಗೊಂಡ ಡಿಎನ್‌ಎಗೂ ಹೈಡ್ರೋಜನ್ ಕೊಟ್ಟು ಸರಿಪಡಿಸುತ್ತದೆ. ಆದರೆ ಆಮ್ಲಜನಕಕ್ಕಿಂತ ಮೊದಲು ತಲುಪಬೇಕು. ಆಮ್ಲಜನಕ ಹೋಗಿ ಅಂಟಿಕೊಂಡರೆ ಗಾಯ ಖಾಯಂ ಆಗುತ್ತದೆ.

1949ರಲ್ಲಿ ಅಮೆರಿಕದ ಹಾರ್ವೆ ಪ್ಯಾಟ್ ಮತ್ತು ಸಂಗಡಿಗರು ಇಲಿಗಳಿಗೆ ಸಿಸ್ಟೀನ್ ಎಂಬ ಥಯೋಲ್ ಕೊಟ್ಟು ನೋಡಿದರು. ಎಕ್ಸ್-ರೇ ಬಿಡುವ ಮೊದಲು ಕೊಟ್ಟಾಗ ಹಲವು ಇಲಿಗಳು ಬದುಕಿದವು. ಆಮೇಲೆ ಕೊಟ್ಟಾಗ ಏನೂ ಪ್ರಯೋಜನವಾಗಲಿಲ್ಲ. ಅಣುಬಾಂಬಿನ ಭಯದ ಕಾಲ ಅದು. ಅಮೆರಿಕದ ಸೇನೆಯ ವಾಲ್ಟರ್ ರೀಡ್ ಸಂಸ್ಥೆ 4,000ಕ್ಕೂ ಹೆಚ್ಚು ಸಂಯುಕ್ತಗಳನ್ನು ಪರೀಕ್ಷಿಸಿತು. ಅದರಲ್ಲಿ ಮೇಲೆದ್ದು ಬಂದದ್ದು ಗಂಧಕ ಇರುವ ಅಮಿಫೋಸ್ಟಿನ್ ಎಂಬ ಔಷಧಿ. ವಾಂತಿ, ಬಿಪಿ ಇಳಿಯುವ ತೊಂದರೆ ಇದ್ದದ್ದರಿಂದ ಸೈನಿಕರಿಗೆ ಒಗ್ಗಲಿಲ್ಲ, ಕ್ಯಾನ್ಸರ್ ವಾರ್ಡಿಗೆ ಬಂತು. ಅದರ ಗಂಧಕದ ಮೇಲೆ ಒಂದು ಫಾಸ್ಫೇಟ್ ಮುಚ್ಚಳವಿದೆ, ಅದು ತೆಗೆದ ಮೇಲೇ ಔಷಧಿ ಕೆಲಸ ಮಾಡುವುದು. ಅದನ್ನು ತೆಗೆಯುವ ಕಿಣ್ವ ಆರೋಗ್ಯವಂತ ಅಂಗಾಂಶದಲ್ಲಿ ಜಾಸ್ತಿ, ಗಡ್ಡೆಯಲ್ಲಿ ಕಡಿಮೆ. ಹಾಗಾಗಿ ಗಡ್ಡೆಗಿಂತ ಒಳ್ಳೆಯ ಜೀವಕೋಶಕ್ಕೇ ಹೆಚ್ಚು ರಕ್ಷಣೆ. ಎಷ್ಟು ಚೆಂದದ ಉಪಾಯ ಅಲ್ವಾ! ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ 'ಕರೆಂಟ್' (ವಿಕಿರಣ ಚಿಕಿತ್ಸೆ) ಕೊಡುವಾಗ ಬಾಯಿ ಒಣಗದಂತೆ ಬಳಸಲು 1999ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಿರಣ ಬಿಡುವ 15ರಿಂದ 30 ನಿಮಿಷ ಮೊದಲು ಕೊಡುತ್ತಾರೆ.

ಅಯೋಡಿನ್ ಮಾತ್ರೆಯ ಕಥೆ ಬೇರೆ. ಅದು ವಿಕಿರಣಶೀಲ ಅಯೋಡಿನ್‌ನಿಂದ ಥೈರಾಯ್ಡ್ ಒಂದನ್ನೇ ಕಾಯುತ್ತದೆ.

ತುಳಸಿ? ಮಣಿಪಾಲದಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು ಅದರ ಎಲೆಯಿಂದ ಓರಿಯೆಂಟಿನ್, ವಿಸೆನಿನ್ ಎಂಬ ಸಂಯುಕ್ತಗಳನ್ನು ಬೇರ್ಪಡಿಸಿ, ಗಾಮಾ ಕಿರಣದಿಂದ ಇಲಿಗಳಿಗೆ ರಕ್ಷಣೆ ಸಿಗುವುದನ್ನು ತೋರಿಸಿದರು. ಹೆಮ್ಮೆಯ ಕೆಲಸ. ಆದರೆ ಅದು ಇಲಿಗಳಿಗೆ, ಕಿರಣ ಬಿಡುವ ಮೊದಲೇ ಕೊಟ್ಟದ್ದು. ಮನೆಯ ಕಷಾಯಕ್ಕೆ ಅದು ಸಾಕ್ಷಿಯಲ್ಲ. ಕರೆಂಟ್ ಕೊಡಿಸಿಕೊಳ್ಳುತ್ತಿರುವವರಂತೂ ಡಾಕ್ಟರಿಗೆ ಹೇಳದೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಲೇಬಾರದು. ಗಡ್ಡೆಗೂ ರಕ್ಷಣೆ ಸಿಕ್ಕಿಬಿಡಬಹುದು.