ಮಂಪರಿನಲ್ಲಿ ಆಡಿದ ಮಾತು

ಆರೋಪಿಯನ್ನು ಮಲಗಿಸಿ, ಅರಿವಳಿಕೆ ತಜ್ಞರು ಸೋಡಿಯಂ ಪೆಂಟೋಥಾಲ್ ದ್ರಾವಣವನ್ನು ರಕ್ತನಾಳಕ್ಕೆ ನಿಧಾನವಾಗಿ ಹರಿಸುತ್ತಿದ್ದರು. ಆತ ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಸ್ಥಿತಿಗೆ ಜಾರಿದ ಮೇಲೆ ಮನಃಶಾಸ್ತ್ರಜ್ಞರು ಪ್ರಶ್ನೆ ಕೇಳುತ್ತಿದ್ದರು, ಕ್ಯಾಮೆರಾ ಎಲ್ಲವನ್ನೂ ದಾಖಲಿಸುತ್ತಿತ್ತು. ಇದೇ ಮಂಪರು ಪರೀಕ್ಷೆ. 2000ದ ದಶಕದಲ್ಲಿ ಇದಕ್ಕೆ ಬೆಂಗಳೂರು ಹೆಸರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳನ್ನು ಜನ ಟಿವಿಯಲ್ಲೇ ನೋಡಿದರು. ಬಾಯಿ ಬಿಡಿಸಲು ಲಾಠಿ ಬೇಡ, ಸೂಜಿ ಸಾಕು ಎಂದು ಹಲವರು ನಂಬಿದ್ದರು.

ಆದರೆ ಆರೋಪ ಹೊತ್ತ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಇದರ ಬೇರು ಇರುವುದು 17ನೇ ಶತಮಾನದ ಇಂಗ್ಲೆಂಡಿನಲ್ಲಿ, ಆರೋಪವೇನೆಂದು ತಿಳಿಸದೆಯೇ ಪ್ರಮಾಣ ಮಾಡಿಸಿ ವಿಚಾರಿಸುತ್ತಿದ್ದ ಸ್ಟಾರ್ ಚೇಂಬರ್ ನ್ಯಾಯಾಲಯದ ವಿರುದ್ಧ ಎದ್ದ ಪ್ರತಿಭಟನೆಯಲ್ಲಿ.

ಹಾಗಾದರೆ ಸಾಕ್ಷಿಯಾಗುವುದು ಎಂದರೇನು? 1961ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ಅದರಲ್ಲಿ ಸೇರದು, ತನಗೆ ತಿಳಿದದ್ದನ್ನು ತಿಳಿಸುವುದು ಮಾತ್ರ ಸೇರುತ್ತದೆ ಎಂದಿತು. ಈ ರಕ್ಷಣೆ ಕೋರ್ಟಿನ ಕಟಕಟೆಗೆ ಮಾತ್ರವೇ, ಠಾಣೆಗೂ ಇದೆಯೇ ಎಂಬುದು ತೀರ್ಮಾನವಾದದ್ದು 1978ರಲ್ಲಿ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಪೊಲೀಸರು ಬರೆದುಕೊಟ್ಟ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪದೆ ಮೊಕದ್ದಮೆ ಎದುರಿಸಿದ್ದರು. ಮೌನದ ಹಕ್ಕು ತನಿಖೆಯ ಹಂತದಿಂದಲೇ ಶುರುವಾಗುತ್ತದೆ ಎಂದು ನ್ಯಾ. ಕೃಷ್ಣ ಅಯ್ಯರ್ ಬರೆದರು. ನನ್ನ ಮಟ್ಟಿಗೆ ಈ ಹಕ್ಕಿಗೆ ಜೀವ ಬಂದದ್ದೇ ಆಗ, ಏಕೆಂದರೆ ಬಲವಂತ ನಡೆಯುವುದು ಠಾಣೆಯ ಒಳಕೋಣೆಯಲ್ಲೇ ಹೊರತು ನ್ಯಾಯಾಧೀಶರ ಕಣ್ಣೆದುರಿಗಲ್ಲ.

ಮಂಪರು ಪರೀಕ್ಷೆಯ ಪ್ರಶ್ನೆ ಇತ್ಯರ್ಥವಾದದ್ದು 2010ರ ಮೇ 5ರಂದು, 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ. ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮೆದುಳಿನ ತರಂಗಗಳನ್ನು ಅಳೆಯುವ ಬ್ರೈನ್ ಮ್ಯಾಪಿಂಗ್ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠ ಹೇಳಿತು. ಒಪ್ಪಿದವನ ಮಾತಿಗೂ ಸಾಕ್ಷ್ಯದ ಬೆಲೆ ಸಿಗಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವನ ನಾಲಿಗೆ ಅವನ ಹಿಡಿತದಲ್ಲಿರುವುದಿಲ್ಲ. ಒಪ್ಪಿ ಆಡಿದ ಆ ಮಾತಿನ ಸುಳಿವಿನಿಂದ ಮುಂದೆ ಸಿಕ್ಕ ವಸ್ತುವನ್ನು ಮಾತ್ರ ಕೋರ್ಟು ಪರಿಗಣಿಸಬಹುದು.

ಈಗ ಸೂಜಿಯ ಜಾಗಕ್ಕೆ ಮೊಬೈಲ್ ಬಂದಿದೆ. ಫೋನಿನ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ಸಾಕ್ಷಿ ನುಡಿದಂತಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. ಪರದೆಗೆ ಬೆರಳು ಒತ್ತಿಸುವುದು 1961ರ ತೀರ್ಪಿನ ಬೆರಳಚ್ಚಿನ ಸಾಲಿಗೆ ಸೇರಬಹುದು. ಆದರೆ ಮನಸ್ಸಿನಲ್ಲಷ್ಟೇ ಇರುವ ಅಂಕಿಗಳನ್ನು ಹೇಳು ಎನ್ನುವುದು, ನನಗೆ ಕಾಣುವಂತೆ, ಬಾಯಿ ಬಿಡಿಸುವುದೇ.