ಬಡ್ಸ್ ಬೇಡ ಅಂದರೆ ಬೇಡ

ಮಳೆಗಾಲ ಶುರುವಾದರೆ ಉಡುಪಿಯ ನನ್ನ ಕ್ಲಿನಿಕ್ಕಿಗೆ ಒಂದೇ ದೂರು: "ಡಾಕ್ಟ್ರೇ, ತಲೆಗೆ ಸ್ನಾನ ಮಾಡಿದ ಮೇಲೆ ಒಂದು ಕಿವಿ ಕಟ್ಟಿದೆ." ಬಡ್ಸ್ ಹಾಕ್ತೀರಾ ಅಂತ ಕೇಳಿದರೆ, "ಹೌದು, ದಿನಾ ಹಾಕ್ತೇನೆ, ಕ್ಲೀನ್ ಇರ್ಲಿ ಅಂತ." ಇದನ್ನು ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ.

ಗುಗ್ಗೆ ಕೊಳೆಯಲ್ಲ, ಕಿವಿಯ ಕಾವಲು. ದೊಡ್ಡವರ ಕಿವಿಯ ಕೊಳವೆ ಸುಮಾರು 2.5 ಸೆಂಟಿಮೀಟರ್ ಉದ್ದ. ಗುಗ್ಗೆ ಹುಟ್ಟುವುದು ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ, ಕೊಳವೆಯ ಒಳತುದಿಯಲ್ಲಿರುವ ತೆಳು ಪೊರೆ, ಅಂದರೆ ಕಿವಿಯ ತಮಟೆಯ ಹತ್ತಿರ ಹುಟ್ಟುವುದೇ ಇಲ್ಲ. ಹಾಗಾದರೆ ತಮಟೆಗೆ ಅಂಟಿಕೊಂಡ ಗುಗ್ಗೆಯನ್ನು ನಾನು ತೆಗೆಯುತ್ತೇನಲ್ಲ, ಅದು ಅಲ್ಲಿಗೆ ಹೋದದ್ದು ಹೇಗೆ? ಹೆಚ್ಚಿನ ಸಲ ಬಡ್ಸ್ ತಳ್ಳಿಯೇ ಹೋಗಿರುತ್ತದೆ. ಕೊಳವೆಯ ಚರ್ಮ ಒಳಗಿನಿಂದ ಹೊರಗೆ ನಿಧಾನವಾಗಿ ಸರಿಯುತ್ತಾ ಗುಗ್ಗೆಯನ್ನೂ ಜೊತೆಗೆ ತರುತ್ತದೆ, ನಾವು ಊಟ ಮಾಡುವಾಗ ದವಡೆ ಆಡುವುದೂ ಅದಕ್ಕೆ ಸಹಾಯವೇ. ನೀವು ಎದುರಿನಿಂದ ಕಡ್ಡಿ ಹಾಕಿ ಒಳಗೆ ದಬ್ಬುತ್ತೀರಿ. ಹತ್ತಿಗೆ ಅಂಟಿದ ಚೂರು ಕಾಣುತ್ತದೆ, ಹಿಂದೆ ಹೋದದ್ದು ಕಾಣುವುದಿಲ್ಲ. ಅದು ಗಟ್ಟಿಯಾಗಿ ಕೂತು, ನೀರು ಬಿದ್ದಾಗ ಉಬ್ಬಿ ಕಿವಿ ಮುಚ್ಚುತ್ತದೆ.

ಮಲ್ಪೆ ಕಡೆಯ ಒಬ್ಬರು ಅಮ್ಮ, ಶುಗರ್ ಇದ್ದವರು, ಹೇರ್‌ಪಿನ್ನಿಗೆ ಹತ್ತಿ ಸುತ್ತಿ ತುರಿಸಿ, ಆಮೇಲೆ ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ತೆಂಗಿನೆಣ್ಣೆ ಬಿಟ್ಟುಕೊಂಡು ಬಂದಿದ್ದರು. ಒಳಗೆ ಗಾಯ, ಅದರ ಮೇಲೆ ಫಂಗಸ್. ನಮ್ಮ ಕರಾವಳಿಯ ತೇವದಲ್ಲಿ ಇದು ಜಾಸ್ತಿ. "ಬೈಬೇಡಿ ಡಾಕ್ಟ್ರೇ, ತುರಿಸ್ತದೆ, ಏನು ಮಾಡ್ಲಿ?" ಅಂದರು. ಬೈಯಲು ನನಗೆ ಬಾಯಿಯೇ ಬರಲಿಲ್ಲ. ಆದರೆ ಶುಗರ್ ಇದ್ದವರಿಗೆ ಕಿವಿಯ ಸೋಂಕು ಮೂಳೆಗೂ ಇಳಿಯಬಹುದು, ಆ ಹೆದರಿಕೆ ನನಗಿದೆ.

ತೊಂದರೆ ಇಲ್ಲದಿದ್ದರೆ ಏನೂ ಮಾಡಬೇಡಿ. ಕಟ್ಟಿದ್ದರೆ ಮೆಡಿಕಲ್ಲಿನಲ್ಲಿ ಗುಗ್ಗೆ ಕರಗಿಸುವ ಡ್ರಾಪ್ಸ್ ಸಿಗುತ್ತದೆ, ಆಲಿವ್ ಎಣ್ಣೆಯೂ ಆಗುತ್ತದೆ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತನ್ನಿ, ತಣ್ಣಗಿದ್ದರೆ ತಲೆ ಸುತ್ತುತ್ತದೆ. ಎರಡು ಮೂರು ಹನಿ ಬಿಟ್ಟು ಐದು ನಿಮಿಷ ಮಗ್ಗುಲಾಗಿ ಮಲಗಿ. ದಿನಕ್ಕೆ ಎರಡು ಸಲ, ಮೂರರಿಂದ ಐದು ದಿನ. ಮೊದಲು ಇನ್ನಷ್ಟು ಕಟ್ಟಿದ ಹಾಗೆ ಅನಿಸಬಹುದು, ಗುಗ್ಗೆ ನೆನೆದು ಉಬ್ಬುವುದರಿಂದ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಮಟೆ ತೂತಾಗಿದ್ದರೆ, ಹಿಂದೆ ಆಪರೇಷನ್ ಆಗಿದ್ದರೆ ಒಂದು ಹನಿಯೂ ಬೇಡ, ಮೊದಲು ತೋರಿಸಿ. ಮಕ್ಕಳಿಗೂ ಕೇಳದೆ ಹಾಕಬೇಡಿ.

ಇನ್ನೊಂದು. ನೋವಿಲ್ಲ, ಸ್ನಾನ ಮಾಡಿಲ್ಲ, ಬೆಳಿಗ್ಗೆ ಎದ್ದರೆ ಒಂದು ಕಿವಿ ಕೇಳುತ್ತಿಲ್ಲ ಅಂದರೆ ಗುಗ್ಗೆ ಅಂದುಕೊಂಡು ಸುಮ್ನೆ ಎಣ್ಣೆ ಬಿಡುತ್ತಾ ಕೂರಬೇಡಿ. ಅದು ನರದ ತೊಂದರೆ ಇರಬಹುದು. ಅದಕ್ಕೆ ಔಷಧಿ ಬೇಗ ಶುರುವಾಗಬೇಕು, ವಾರಗಟ್ಟಲೆ ತಡವಾದರೆ ಕಿವಿ ಮತ್ತೆ ಕೇಳುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಅದೇ ದಿನ ಬನ್ನಿ.